ಹೊಟ್ಟೆ ಸೀಳಿದ ಅಕ್ಷರಗಳಿಗೊಂದು ಹೆಸರು

ಬೆಳಗು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಬಕೆಟ್ಟು, ಕೊಡ, ಚಾಪೆ ಮಾರುವ ಅಂಗಡಿಯ ಶಟರ್ ಕೆಳಗೇ ಇದೆ. ಅದರ ಮಗ್ಗುಲಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ, ಕೋಣೆಯ ತುದಿಯಲ್ಲಿ ಪೂರ್ವಕ್ಕೆ ತೆರೆದ ದೊಡ್ಡ ಕಿಟಕಿ. ಆ ಕಿಟಕಿಯ ಗಾಜಿಗೆ ಹೆಂಗಸೊಬ್ಬರು ಅಕ್ಷರ ತುಂಬಿದ ಹಾಳೆಯೊಂದನ್ನು ಅಂಟಿಸುತ್ತಿದ್ದಾರೆ. ಅದೂ ತಲೆಕೆಳಗಾಗಿ. ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು, ಕನ್ನಡಕ ಕಳಚಿ, ಕಣ್ಣು ಕಿರಿದು ಮಾಡಿ ನಿಲ್ಲುತ್ತಾರೆ. ಒಲೆಯ ಮೇಲಿಟ್ಟ ಹಾಲನ್ನು ಕಾಯುವವರ ಹಾಗೆ ನಿಂತೇ ಇರುತ್ತಾರೆ.

ಕಂಡವರು ‘ಪಾಪ, ಏನೋ ಆಗಿದೆ’ ಎಂದುಕೊಂಡರೆ ತಪ್ಪಿಲ್ಲ. ಓದಲೆಂದೇ ಇರುವ ಅಕ್ಷರವನ್ನು ಓದಲು ಬಾರದಂತೆ ತಿರುಗಿಸಿ, ಅದು ಸಾಲದೆಂದು ಕನ್ನಡಕವನ್ನೂ ತೆಗೆದು ನೋಡುವವರನ್ನು ಇನ್ನೇನೆನ್ನಬೇಕು? ಕೇಳಿದರೆ ಅವರಿಗೆ ನಗು. “ನೆಟ್ಟಗಿಟ್ರೆ ಓದೋಕೆ ಶುರು ಮಾಡಿಬಿಡ್ತೀವಿ. ಓದೋಕೆ ಹೋದ್ರೆ ಮಾತು ಕಾಣುತ್ತೆ, ಅಕ್ಷರ ಕಾಣಲ್ಲ,” ಎನ್ನುತ್ತಾರೆ. ತಲೆಕೆಳಗಾದ ಹಾಳೆಯಲ್ಲಿ ಅರ್ಥ ಜಾರಿಹೋಗಿ ಬರೀ ಕಪ್ಪು ಉಳಿಯುತ್ತದೆ. ಎಲ್ಲಿ ಗಟ್ಟಿಯಾಯಿತು, ಎಲ್ಲಿ ತೆಳುವಾಯಿತು, ಯಾವ ಅಕ್ಷರ ಸಾಲಿನಲ್ಲಿ ಪಕ್ಕದವರಿಗೆ ಮೊಣಕೈ ತಿವಿಯುತ್ತಿದೆ ಎಂಬುದೆಲ್ಲ ಆಗ ಬಯಲಾಗುತ್ತದೆ. ಟ್ಯೂಬ್‌ಲೈಟಿನ ಬೆಳಕು ಇದಕ್ಕೆ ಆಗಿಬರುವುದಿಲ್ಲವಂತೆ, ಎಳೆ ಬಿಸಿಲೇ ಬೇಕಂತೆ. ಹಾಗಾಗಿ ಬೀದಿ ಏಳುವ ಮುಂಚೆ ಈ ಕೋಣೆಯ ಬೀಗ ತೆಗೆಯುವವರು ಇವರೇ.

ಇವರನ್ನು ಇಲ್ಲಿ ಎಲ್ಲರೂ ಗೆರೆಯಕ್ಕ ಎನ್ನುತ್ತಾರೆ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ. ಗೆರೆಯಕ್ಕ ಅಕ್ಷರ ಬರೆಯುವವರು. ಬರೆಯುವವರೆಂದರೆ ಕಥೆ ಕಾದಂಬರಿ ಬರೆಯುವವರಲ್ಲ, ಅಕ್ಷರವನ್ನೇ ಬರೆಯುವವರು. ನಾವು ಫಾಂಟು ಎಂದು ಕರೆಯುವ, ಪತ್ರಿಕೆ, ಪುಸ್ತಕ, ಬಸ್ಸಿನ ಬೋರ್ಡು, ಸೋಪಿನ ಹೊದಿಕೆಯ ಮೇಲೆಲ್ಲ ಕೂತಿರುವ ಅಚ್ಚಿನ ಅಕ್ಷರಗಳಿಗೆ ಮೊದಲು ಮೈ ಕೊಡುವವರು. ಓದುವವರು ಓದಿ ಮುಂದೆ ಹೋಗುತ್ತಾರೆ. ಉಂಡೆದ್ದವರು ಅಕ್ಕಿ ಆರಿಸಿದವರನ್ನು ನೆನೆಯುತ್ತಾರೆಯೇ? ಇದೂ ಹಾಗೇ.

ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಈ ಕೋಣೆಗೆ ಅವರು ಬಂದದ್ದು ಮಸಿ ತುಂಬುವ ಕೆಲಸಕ್ಕೆ. ಆಗ ಇಲ್ಲೊಬ್ಬರು ಮೇಷ್ಟ್ರಿದ್ದರು. ಅವರು ಪೆನ್ಸಿಲ್ಲಿನಲ್ಲಿ ಅಂಗೈ ಅಗಲದ ಅಕ್ಷರ ಬರೆದು ಕೊಡುವುದು, ಇವರು ಅಂಚು ದಾಟದಂತೆ ಒಳಗೆ ಮಸಿ ತುಂಬುವುದು. ಬೆರಳಿನ ಕಪ್ಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಬೀಗರೊಬ್ಬರು ಆ ಕೈ ನೋಡಿ, ಹುಡುಗಿ ಇದ್ದಿಲು ಡಿಪೋದಲ್ಲಿ ಇದ್ದಾಳೇನೋ ಎಂದು ವಿಚಾರಿಸಿದ್ದರಂತೆ. ಮಸಿ ತುಂಬುತ್ತ ತುಂಬುತ್ತ ಗೆರೆ ಎಲ್ಲಿ ಉಸಿರು ಬಿಡುತ್ತದೆ, ಎಲ್ಲಿ ಬಿಗಿ ಹಿಡಿಯುತ್ತದೆ ಎಂಬುದು ಕೈಗೆ ಹತ್ತಿತು. ಮೇಷ್ಟ್ರ ಕೈ ನಡುಗತೊಡಗಿದಾಗ ಪೆನ್ಸಿಲ್ಲು ಇವರ ಕೈಗೆ ಬಂತು. ಆಮೇಲೆ ಕಂಪ್ಯೂಟರ್ ಬಂದು ಪೆನ್ಸಿಲ್ಲನ್ನು ಓಡಿಸಿತು. ಮೌಸು ಹಿಡಿಯಲು ಕಲಿತ ಆ ದಿನಗಳನ್ನು ನೆನೆದರೆ ಗೆರೆಯಕ್ಕನಿಗೆ ಈಗಲೂ ಮೈ ಉರಿಯುತ್ತದೆ. ಬಟ್ಟೆ ಒಗೆಯುವ ಸೋಪು ಹಿಡಿದು ಚಿತ್ರ ಬರೆ ಅಂದಂತಿತ್ತು ಎನ್ನುತ್ತಾರೆ. ಬಿಡಲಿಲ್ಲ, ಅತ್ತುಕೊಂಡೇ ಕಲಿತರು.

ಮನೆಯವರು ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಇಸ್ತ್ರಿ ಮೇಜು. ಅವರು ಊರವರ ಮೈ ಅಳೆಯುತ್ತಾರೆ, ಇವರು ಅಕ್ಷರದ ಮೈ ಅಳೆಯುತ್ತಾರೆ. ಗಂಡ ಹೆಂಡಿರ ನಡುವೆ ಇದೇ ದೊಡ್ಡ ತಮಾಷೆ. ಅವರ ಗಿರಾಕಿಗಳು ಮಾತ್ರ ಬಿಗಿಯಾಯಿತು, ಸಡಿಲವಾಯಿತು ಎಂದು ಬಂದು ಜಗಳ ಆಡುತ್ತಾರೆ. ಹೆಂಡತಿಗೆ ಆ ಭಾಗ್ಯವಿಲ್ಲ ಎಂದು ಅವರು ರೇಗಿಸುತ್ತಿರುತ್ತಾರೆ. ರೇಗಿಸಿದರೂ ಆ ಮಾತು ಗೆರೆಯಕ್ಕನಿಗೆ ಎಲ್ಲಿ ತಾಗುತ್ತದೆ ಎಂಬುದು ಅವರಿಗೆ ಗೊತ್ತು.

ತಾಗುವ ಜಾಗವೆಂದರೆ ಅವರ ಚೊಚ್ಚಲ ಅಕ್ಷರ. ಅದಕ್ಕೂ ಹಿಂದಿನ ಕೆಲಸವೆಲ್ಲ ಇನ್ನೊಬ್ಬರ ಗೆರೆಗೆ ತುಂಬಿದ ಮಸಿ. ಹದಿನಾಲ್ಕು ವರ್ಷದ ಹಿಂದೆ ಮೊದಲ ಸಲ, ಅ ದಿಂದ ಳ ವರೆಗೆ ಪೂರ್ತಿ ತಮ್ಮದೇ ಕೈಯಲ್ಲಿ ಒಂದು ಅಕ್ಷರಮಾಲೆ ಬರೆದು ಮುಗಿಸಿದರು. ಪುಸ್ತಕಕ್ಕೆ ಹೇಳಿ ಮಾಡಿಸಿದಂಥದ್ದು, ತೆಳ್ಳಗೆ, ಕಣ್ಣಿಗೆ ತಂಪಾಗಿ. ಈಗಲೂ ಅದರ ಹಾಳೆ ನೋಡಿದರೆ ಮನಸ್ಸು ಹಗುರಾಗುತ್ತದೆ. ಆದರೆ ಈ ಫಾಂಟು ಕಂಪನಿಯ ಆಗಿನ ಹಿರಿಯ ಯಜಮಾನರಿಗೆ ದೊಡ್ಡ ದೊಡ್ಡ ಮಾತುಗಳ ಚಪಲ. ಮೂರು ದಿನ ಯೋಚಿಸಿ ಅದಕ್ಕೆ ‘ಅಭಿನವ ಲಿಪಿಚಂದ್ರಿಕಾ’ ಎಂದು ನಾಮಕರಣ ಮಾಡಿದರು. ಅಲ್ಲಿಗೆ ಮುಗಿಯಿತು ಅದರ ಕಥೆ. ಮುದ್ರಕರ ಬಾಯಿಗೆ ಆ ಹೆಸರು ಹಿಡಿಸಲೇ ಇಲ್ಲ. ಚಂದ್ರನದ್ದೇನೋ ಇತ್ತಲ್ಲ ಎಂದು ಒಬ್ಬರು, ಉದ್ದ ಹೆಸರಿನದ್ದು ಎಂದು ಇನ್ನೊಬ್ಬರು, ಕೊನೆಗೆ ಹೋಗಲಿ ಬಿಡಿ ಮಾಮೂಲಿಯದೇ ಕೊಡಿ ಎಂದು ಎಲ್ಲರೂ. ಸ್ವತಃ ಯಜಮಾನರ ಮಗಳ ಲಗ್ನಪತ್ರಿಕೆ ಬೇರೆ ಅಕ್ಷರದಲ್ಲಿ ಅಚ್ಚಾಗಿ ಬಂತು. ಅಚ್ಚಿನವನಿಗೆ ಹೆಸರು ಮರೆತುಹೋಗಿತ್ತು. ಗೆರೆಯಕ್ಕ ಆ ಪತ್ರಿಕೆ ಹಿಡಿದುಕೊಂಡು ಮದುವೆಗೆ ಹೋಗಿ ಉಂಡು ಬಂದರು. ಏನು ಮಾಡುವುದು, ಹೋಗದಿದ್ದರೆ ತಪ್ಪಾಗುತ್ತದೆ.

ಚೆಂದವಿದ್ದೂ ಸತ್ತ ಅಕ್ಷರ ಅದು. ಅದನ್ನು ಯಾರೂ ಬೇಡವೆನ್ನಲಿಲ್ಲ, ಕೆಟ್ಟದೆನ್ನಲಿಲ್ಲ. ಕೇಳಲು ಬಾಯಿಗೆ ಹೆಸರು ಸಿಗಲಿಲ್ಲ, ಅಷ್ಟೇ. “ಮಗೂನ ಸಂತೆಗೆ ಕಳಿಸಿ ಹೆಸರು ಹೇಳಿಕೊಡೋದು ಮರೆತ ಹಾಗಾಯ್ತು,” ಎನ್ನುವಾಗ ಗೆರೆಯಕ್ಕನ ದನಿ ಒಂದು ಮೆಟ್ಟಿಲು ಇಳಿಯುತ್ತದೆ.

ಎರಡನೆಯದು ಶುರುವಾದದ್ದು ಅವರ ಅತ್ತೆಯಿಂದ. ಅತ್ತೆಗೆ ಎಂಬತ್ತು ದಾಟಿದೆ. ನಾಲಿಗೆಯ ಹರಿತ ಹಾಗೇ ಇದೆ, ಕಣ್ಣು ಮಾತ್ರ ಮಂಜು. ಮಂಜೆಂದು ಒಪ್ಪಿಕೊಳ್ಳುವ ಜೀವವಲ್ಲ. ಒಂದು ಮಧ್ಯಾಹ್ನ, ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿದ್ದ ಎರಡು ಮಾತ್ರೆಗಳ ಪೈಕಿ ತಪ್ಪಾದದ್ದನ್ನು ನುಂಗಿ ಮಲಗಿದವರು ಮಾರನೆಯ ದಿನದವರೆಗೆ ಏಳಲಿಲ್ಲ. ಮಗ ಸೊಸೆ ಪಕ್ಕದಲ್ಲಿ ಕೂತು ಅತ್ತರು. ಎದ್ದವರೇ, ಹೊತ್ತಿಗೆ ಸರಿಯಾಗಿ ಕಾಫಿ ಕೊಟ್ಟು ಎಬ್ಬಿಸುವ ಪದ್ಧತಿ ಈ ಮನೆಯಲ್ಲಿ ಯಾವಾಗ ನಿಂತಿತು ಎಂದು ಇಬ್ಬರನ್ನೂ ಜಾಡಿಸಿದರಂತೆ. ಗೆರೆಯಕ್ಕ ಆ ಎರಡು ಪೊಟ್ಟಣಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಂದರಲ್ಲಿ ಬ, ಇನ್ನೊಂದರಲ್ಲಿ ಭ. ಆದರೆ ಭ ದ ಹೊಟ್ಟೆಯ ಸೀಳು ಶಾಯಿಯಲ್ಲಿ ಮುಚ್ಚಿಹೋಗಿ ಎರಡೂ ಬ ಗಳೇ ಆಗಿದ್ದವು.

ಶಾಲೆಯಲ್ಲಿ ನಮಗೆಲ್ಲ ‘ಹೊಟ್ಟೆ ಸೀಳಿದೆಯೋ ಇಲ್ಲವೋ’ ಎಂದು ಬೆತ್ತ ತೋರಿಸಿ ಕೇಳುತ್ತಿದ್ದರಲ್ಲ, ಅದೇ ಸೀಳು. ಬ ಗೆ ಹೊಟ್ಟೆ ಸೀಳಿದರೆ ಭ, ಪ ಗೆ ಸೀಳಿದರೆ ಫ, ಡ ಗೆ ಸೀಳಿದರೆ ಢ. ಪುಸ್ತಕದಲ್ಲಿ ಸೀಳು ಮುಚ್ಚಿದರೂ ಓದುಗ ಮುಂದಿನ ಹಿಂದಿನ ಮಾತು ನೋಡಿ ಸರಿಪಡಿಸಿಕೊಳ್ಳುತ್ತಾನೆ. ಔಷಧಿಯ ಹೆಸರಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಊಹಿಸಲು ಆಗುವುದಿಲ್ಲ. ಸಾಸಿವೆಯಷ್ಟು ಸಣ್ಣದಾಗಿ ಅಚ್ಚಾದರೂ ಸೀಳು ಸೀಳಾಗಿಯೇ ಉಳಿಯುವ ಅಕ್ಷರ ಬರೆಯಬೇಕು ಎಂದು ಗೆರೆಯಕ್ಕ ಆವತ್ತೇ ಹಟ ತೊಟ್ಟರು. ಈಗಿನ ಚಿಕ್ಕ ಯಜಮಾನರು, ಅಂದರೆ ಹಿರಿಯರ ಮಗ, ಆಗಲಿ ಅಕ್ಕ ಎಂದರು. ಮಾಮೂಲಿ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಬರೆದುಕೊಳ್ಳಿ ಎಂಬ ಕರಾರಿನ ಮೇಲೆ.

ಇಲ್ಲೇ ಅವರೊಂದು ತಪ್ಪು ಮಾಡಿದರು. ಅಕ್ಷರ ಬರೆಯುವವರು ಮಾತ್ರ ಮಾಡಬಹುದಾದ ತಪ್ಪು. ಮೊದಲ ಹೆಸರಿನ ಪೆಟ್ಟು ತಿಂದಿದ್ದರಲ್ಲ, ಈ ಸಲ ಹೆಸರನ್ನು ಮೊದಲೇ ಆರಿಸಿಟ್ಟುಕೊಂಡರು. ‘ನಂದನ’. ಪುಟ್ಟದು, ಮುದ್ದಾದದ್ದು, ಬಾಯಿಗೆ ಬೆಣ್ಣೆ. ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು, ಕಡೆಯ ಅಕ್ಷರ ಮುಗಿಯುವ ತನಕ ಹೆಸರಿನ ಸುದ್ದಿ ಎತ್ತಬಾರದು ಎಂದು ಮೇಷ್ಟ್ರು ಸಾರಿ ಸಾರಿ ಹೇಳಿದ್ದನ್ನು ಗಾಳಿಗೆ ತೂರಿದರು.

ಆದದ್ದೇನು? ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತವರು ಮೊದಲು ಟೈಪು ಮಾಡುವುದು ನಂದನ. ಗೆರೆ ಸ್ವಲ್ಪ ದಪ್ಪ ಮಾಡಿದರೆ ಹೇಗಿರುತ್ತದೆ ಎಂದು ಪರೀಕ್ಷಿಸುವುದು ನಂದನ ಎಂದೇ. ಪ್ರತಿ ಸಲವೂ ಆ ಅಕ್ಷರಗಳ ಮೈ ತೀಡುತ್ತಾರೆ, ಸೊಂಟ ತಿದ್ದುತ್ತಾರೆ, ಸೊನ್ನೆಯನ್ನು ಕೂದಲೆಳೆಯಷ್ಟು ಆಚೆ ಸರಿಸುತ್ತಾರೆ. ಹೀಗೆ ವರ್ಷಗಳು ಕಳೆದವು. ನ ಮತ್ತು ದ ರಾಜಕುಮಾರಿಯರ ಹಾಗೆ ಬೆಳೆದವು. ಯಾವುದಕ್ಕಾಗಿ ಇಷ್ಟೆಲ್ಲ ಶುರುವಾಯಿತೋ ಆ ಭ, ಫ, ಢ ಗಳು ಮಾತ್ರ ಮೂಲೆಯಲ್ಲಿ ಕೂತ ಬಡಪಾಯಿಗಳಾದವು. ಹೆಸರಿನಲ್ಲಿ ಅವು ಇಲ್ಲ, ಹಾಗಾಗಿ ದಿನವೂ ಕಣ್ಣಿಗೆ ಬೀಳಲಿಲ್ಲ. ಮಗ್ಗುಲಿನ ಅಕ್ಷರವನ್ನು ನಕಲು ಮಾಡಿ, ಕೆಳಗೊಂದು ಗೀರು ಎಳೆದು ಮುಗಿಸಿದ್ದರು.

ಒಂದು ಬೆಳಿಗ್ಗೆ, ಔಷಧಿಯ ಪೊಟ್ಟಣ ಅಚ್ಚು ಹಾಕುವ ಮುದ್ರಣಾಲಯದಿಂದ ಸಣ್ಣ ಅಕ್ಷರದಲ್ಲಿ ಅಚ್ಚಾದ ಮೊದಲ ಹಾಳೆ ಬಂತು. ಗೆರೆಯಕ್ಕ ಅದನ್ನು ಇದೇ ಕಿಟಕಿಗೆ ತಲೆಕೆಳಗಾಗಿ ಅಂಟಿಸಿ, ಹಿಂದೆ ಸರಿದು ನೋಡಿದರು. ಹಾಳೆಯ ತುಂಬ ನ ಮತ್ತು ದ ಮಾತ್ರ ಎದ್ದು ಎದ್ದು ಕಾಣುತ್ತಿದ್ದವು, ಮದುವೆ ಮನೆಯಲ್ಲಿ ಅಳಿಯಂದಿರು ಓಡಾಡುವ ಹಾಗೆ. ಸೀಳಿನ ಅಕ್ಷರಗಳೆಲ್ಲ ಮಸಿಯ ಚುಕ್ಕೆಗಳಾಗಿದ್ದವು. “ಹೆಸರಿಗೆ ಅಂತ ಅಕ್ಷರ ಬರೆದುಬಿಟ್ಟಿದ್ದೆ. ಅತ್ತೆ ಮಾತ್ರೆ ನೆನಪೇ ಆಗಿರಲಿಲ್ಲ ನಂಗೆ,” ಎಂದು ಅವರು ಹೇಳುವುದನ್ನು ಕೇಳಿದರೆ ಆ ಬೆಳಗಿನ ನಾಚಿಕೆ ಇನ್ನೂ ಆರಿಲ್ಲವೆಂದು ತಿಳಿಯುತ್ತದೆ.

ನಂದನವನ್ನು ಆವತ್ತೇ ಕೈಬಿಟ್ಟರು. ಚಿಕ್ಕ ಯಜಮಾನರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಳೆಗಾಲ ಮುಗಿಯುವವರೆಗೆ ಸಮಯ ಕೇಳಿದರು. ಯಜಮಾನರು ಒಳ್ಳೆಯವರು, ಆದರೆ ಅವರಿಗೂ ಮಿತಿ ಇದೆ. ಕಂಪನಿಯ ನಮೂನೆ ಪುಸ್ತಕ ಹೊಸದಾಗಿ ಅಚ್ಚಾಗುವುದಿತ್ತು. ಕಂಪನಿ ಮಾರುವ ಪ್ರತಿ ಫಾಂಟಿನ ಹೆಸರೂ ಅದರದೇ ಅಕ್ಷರದಲ್ಲಿ ಅಚ್ಚಾಗಿ, ಊರೂರಿನ ಮುದ್ರಕರ ಮೇಜಿಗೆ ಹೋಗುವ ಪುಸ್ತಕ ಅದು. ಅಷ್ಟರೊಳಗೆ ಅಕ್ಷರವೂ ಆಗಬೇಕು, ಹೆಸರೂ ಆಗಬೇಕು. ಹೆಸರು ಸಿಗದಿದ್ದರೆ ‘ಹದಿನೇಳನೇ ನಮೂನೆ’ ಎಂದು ಹಾಕಿಬಿಡುತ್ತೇನೆ ಎಂದರು. ಹದಿನೇಳನೇ ನಮೂನೆ! ಚಂದ್ರಿಕೆಗೆ ನೆನಪಿಡಲಾಗದ ಹೆಸರಾದರೂ ಇತ್ತು. ಇದಕ್ಕೆ ಅದೂ ಇಲ್ಲದೆ ಹೋದರೆ ಮೊದಲನೆಯದರ ಪಕ್ಕದಲ್ಲೇ ಇದನ್ನೂ ಮಲಗಿಸಬೇಕಾಗುತ್ತದೆ. ಮೂರನೆಯದು ಬರೆಯಲು ಕಣ್ಣೂ ವಯಸ್ಸೂ ಉಳಿದಿಲ್ಲ.

ಈಗ ಸೀಳಿನ ಅಕ್ಷರಗಳಿಗೆ ಉಪಚಾರ ಶುರುವಾಯಿತು. ಪರೀಕ್ಷೆಗೆ ಇದ್ದದ್ದು ಒಬ್ಬರೇ, ಅತ್ತೆ. ಆದರೆ ಅತ್ತೆಯನ್ನು ಪರೀಕ್ಷಿಸುವುದೆಂದರೆ ಹುಡುಗಾಟವಲ್ಲ. ‘ಭಯ’ ಎಂದು ಬರೆದರೆ ಮೊದಲಕ್ಷರ ಕಾಣದಿದ್ದರೂ ಊಹೆಯಿಂದ ಓದಿ, ಕಂಡಿತು ಎಂದು ವಾದಿಸುತ್ತಿದ್ದರು. ಗೆರೆಯಕ್ಕ ಬುದ್ಧಿ ಓಡಿಸಿದರು. ಅರ್ಥವೇ ಇಲ್ಲದ, ಹಿಂದೆ ಎಲ್ಲೂ ಯಾರೂ ಕೇಳದ ಶಬ್ದಗಳನ್ನು ಕಟ್ಟತೊಡಗಿದರು. ‘ಫಂಛಟ’, ‘ಝೂಢಫಿ’, ‘ಢುಂಭಳಿ’. ಊಹಿಸಲು ದಾರಿಯೇ ಇಲ್ಲ. ಕಂಡರೆ ಕಂಡಿತು, ಇಲ್ಲವಾದರೆ ಇಲ್ಲ. ಸಂಜೆ ಮನೆಗೆ ಬಂದ ಕೂಡಲೇ ಮಾತ್ರೆ ಪೊಟ್ಟಣದಷ್ಟು ಸಣ್ಣ ಚೀಟಿಗಳನ್ನು ಅತ್ತೆಯ ಮುಂದೆ ಹಿಡಿಯುವುದು, ಅತ್ತೆ ಮೊದಲು ಸೊಸೆಯ ತಲೆ ಕೆಟ್ಟಿದೆಯೆಂದು ಮಗನಿಗೆ ದೂರು ಹೇಳುವುದು, ಆಮೇಲೆ ಓದುವುದು. ಮೊದಮೊದಲು ‘ಡುಂಬಳಿ’ ಎಂದು ಓದಿದರು. ಗೆರೆಯಕ್ಕ ಸೀಳನ್ನು ಆಳ ಮಾಡಿದರು. ಮತ್ತೆ ಡುಂಬಳಿ. ಸೀಳಿನ ಬಾಯಿ ಅಗಲಿಸಿ, ಶಾಯಿ ಹರಡಿದರೂ ತುಂಬಿಕೊಳ್ಳದಂತೆ ಒಳಗೊಂದು ಮೂಲೆ ಬಿಟ್ಟರು. ಎಷ್ಟೋ ಸಂಜೆಗಳಾದ ಮೇಲೆ ಒಂದು ದಿನ ಅತ್ತೆ ಚೀಟಿಯನ್ನು ತೋಳಿನುದ್ದಕ್ಕೆ ಹಿಡಿದು, ಗಂಟಲು ಸರಿ ಮಾಡಿಕೊಂಡು, ಹೊಟ್ಟೆಯಿಂದ ಉಸಿರೆಳೆದು ‘ಢುಂಭಳಿ’ ಎಂದು ಗುಡುಗಿದರು. ಇಸ್ತ್ರಿ ಮಾಡುತ್ತಿದ್ದ ಮಗ ಪೆಟ್ಟಿಗೆ ಎತ್ತುವುದನ್ನು ಮರೆತು ಯಾರದೋ ಅಂಗಿ ಸುಟ್ಟರು.

ಅಲ್ಲಿಂದಾಚೆ ಆ ಶಬ್ದ ಮನೆಯಲ್ಲಿ ಬಿಡಾರ ಹೂಡಿತು. ಅಂಗಿ ಸುಟ್ಟ ಮಗ ಢುಂಭಳಿಯಾದರು. ಸೋರುವ ನಲ್ಲಿ, ಹೊತ್ತಿಗೆ ಬಾರದ ಬಸ್ಸು, ಜಾಸ್ತಿ ತಿಂದ ಹೊಟ್ಟೆ ಎಲ್ಲವೂ ಅತ್ತೆಯ ಬಾಯಲ್ಲಿ ಢುಂಭಳಿ. ಗೆರೆಯಕ್ಕ ನಕ್ಕು ಮರೆತರು. ಅವರ ತಲೆಯಲ್ಲಿ ಬೇರೆಯೇ ಹೆಸರುಗಳ ಮೆರವಣಿಗೆ ನಡೆದಿತ್ತು.

ಹೆಸರು ಆರಿಸಲು ಈ ಕಂಪನಿಯಲ್ಲಿ ಒಂದು ಪದ್ಧತಿ ಇದೆ. ಚಂದ್ರಿಕೆಯ ಅನಾಹುತದ ನಂತರ ಹುಟ್ಟಿಕೊಂಡದ್ದು. ಮಾರಾಟ ನೋಡಿಕೊಳ್ಳುವವರೊಬ್ಬರಿದ್ದಾರೆ, ಸದಾ ಕಿವಿಗೆ ಫೋನು ಅಂಟಿಸಿಕೊಂಡಿರುವುದರಿಂದ ಅವರು ಫೋನಪ್ಪ. ಯಂತ್ರಗಳೆಲ್ಲ ಓಡುತ್ತಿರುವ ಹೊತ್ತು ನೋಡಿ ಫೋನಪ್ಪ ಒಬ್ಬ ಮುದ್ರಕರಿಗೆ ಕರೆ ಮಾಡುತ್ತಾರೆ. ಅದೂ ಇದೂ ಮಾತಾಡುತ್ತ ನಡುವೆ ಒಂದೇ ಒಂದು ಸಲ ಹೊಸ ಹೆಸರು ಹೇಳುತ್ತಾರೆ. ಒತ್ತಿ ಹೇಳುವಂತಿಲ್ಲ, ಬಿಡಿಸಿ ಹೇಳುವಂತಿಲ್ಲ. ಮಾರನೆಯ ದಿನ ಮತ್ತೆ ಕರೆ ಮಾಡಿ, ನಿನ್ನೆ ಹೇಳಿದ ಹೆಸರೇನು ಎಂದು ಕೇಳುತ್ತಾರೆ. ನೆನಪಿದ್ದರೆ ಪಾಸು. ಕೆಲಸದ ಗಡಿಬಿಡಿಯಲ್ಲಿ ಒಂದು ರಾತ್ರಿ ಉಳಿಯದ ಹೆಸರು ಸಂತೆಯಲ್ಲಿ ಒಂದು ವರ್ಷ ಉಳಿಯುತ್ತದೆಯೇ ಎಂಬುದು ಫೋನಪ್ಪನವರ ಸಿದ್ಧಾಂತ.

ಗೆರೆಯಕ್ಕ ಬಹಳ ಯೋಚಿಸಿ ಐದು ಹೆಸರು ಕೊಟ್ಟರು. ಸೌಖ್ಯ, ಇಬ್ಬನಿ, ತಿಳಿಬೆಳಕು, ಹೊಂಗಣ್ಣು, ಸ್ಪಂದನ. ಫೋನಪ್ಪ ಔಷಧಿ ಪೊಟ್ಟಣದ ಮುದ್ರಣಾಲಯದ ಮೇಸ್ತ್ರಿಗೆ ಫೋನು ಮಾಡಿ ಐದನ್ನೂ ಮಾತಿನ ಮಧ್ಯೆ ತೂರಿಸಿದರು. ಆ ದಿನವೇ ತಿದ್ದಿದ ಅಕ್ಷರಗಳ ಹೊಸ ಹಾಳೆಯೂ ಶಾಯಿ ಪರೀಕ್ಷೆಗೆಂದು ಅಲ್ಲಿಗೆ ಹೋಗಿತ್ತು. ಮಾರನೆಯ ಬೆಳಿಗ್ಗೆ ಗೆರೆಯಕ್ಕ ಫೋನಪ್ಪನವರ ಮೇಜಿನ ಪಕ್ಕದಲ್ಲಿ, ಫಲಿತಾಂಶ ನೋಡಲು ಬಂದ ಶಾಲೆಯ ಹುಡುಗಿಯ ಹಾಗೆ, ಕೈ ಕಟ್ಟಿ ನಿಂತಿದ್ದರು. ಮೇಸ್ತ್ರಿಗೆ ಐದರಲ್ಲಿ ಒಂದೂ ನೆನಪಿರಲಿಲ್ಲ. ಆರೋಗ್ಯದ್ದೇನೋ ಹೇಳಿದಿರಿ, ಆಮೇಲೆ ಒಂದು ಕಣ್ಣಿನದ್ದು ಎಂದು ತಡವರಿಸಿದರು. ಗೆರೆಯಕ್ಕನ ಮುಖ ಸಣ್ಣದಾಯಿತು. ಆಗ ಮೇಸ್ತ್ರಿಯ ದನಿ ಫೋನಿನಾಚೆಗೂ ಕೇಳುವಂತೆ ಬಂತು.

“ಅದೆಲ್ಲ ನಂಗೆ ಗೊತ್ತಿಲ್ಲ ಸ್ವಾಮಿ. ನಿನ್ನೆ ಕಳಿಸಿದ್ರಲ್ಲ ಢುಂಭಳಿ, ಅದು ಚೆನ್ನಾಗಿ ಬರ್ತಿದೆ. ಅದನ್ನೇ ಕಳಿಸಿಬಿಡಿ.”

ಹಾಳೆಯ ನೆತ್ತಿಯ ಮೇಲೆ ದಪ್ಪಗೆ ಅಚ್ಚಾಗಿದ್ದ ಪರೀಕ್ಷೆಯ ಶಬ್ದವನ್ನೇ ಅವರು ಅಕ್ಷರದ ಹೆಸರೆಂದು ತಿಳಿದಿದ್ದರು. ಯಂತ್ರದ ಮುಂದೆ ನಿಲ್ಲುವವರು, ಹಾಳೆ ಮಡಿಸುವವರು ಎಲ್ಲರೂ ಬೆಳಗಿನಿಂದ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದರಂತೆ. ಫೋನಪ್ಪ ಕುರ್ಚಿಯಿಂದ ಬೀಳುವುದೊಂದು ಬಾಕಿ, ಹಾಗೆ ನಕ್ಕರು. ಗೆರೆಯಕ್ಕ ನಗಲಿಲ್ಲ. ತಮ್ಮ ಜಾಗಕ್ಕೆ ಹೋಗಿ ಕೂತು ಮಾಮೂಲಿ ಕೆಲಸ ತೆರೆದರು.

ಅವರಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ನೋವಾಗಿತ್ತು. ಇಷ್ಟು ವರ್ಷ ಕಣ್ಣು ತೇದು ಬರೆದ ಅಕ್ಷರದ ತಲೆಗೆ ಕೋಡಂಗಿ ಟೋಪಿ ಇಟ್ಟಂತಾಗಿತ್ತು. ಕಾಯಿಲೆಯವರ ಕೈಗೆ ಹೋಗುವ ಪೊಟ್ಟಣ, ಅದರ ಮೇಲಿನ ಅಕ್ಷರಕ್ಕೆ ಗಾಂಭೀರ್ಯ ಬೇಡವೇ? ಚಿಕ್ಕ ಯಜಮಾನರಿಗೂ ಅದೇ ಅಳುಕು. ಔಷಧಿ ಕಂಪನಿಯವರ ಮುಂದೆ ಇದನ್ನು ಹೇಳುವಾಗ ಮುಖ ಎಲ್ಲಿಟ್ಟುಕೊಳ್ಳುವುದು ಎಂದರು. ನಮೂನೆ ಪುಸ್ತಕ ಅಚ್ಚಿಗೆ ಹೋಗಲು ಆ ವಾರ ಮಾತ್ರ ಉಳಿದಿತ್ತು. ಒಂದು ಕಡೆ ಹದಿನೇಳನೇ ನಮೂನೆ, ಇನ್ನೊಂದು ಕಡೆ ಢುಂಭಳಿ. ನಡುವೆ, ಹಳೆಯ ಪ್ರೀತಿಯ ಹಾಗೆ, ನಂದನ ಮತ್ತೆ ಕಣ್ಣು ಮಿಟುಕಿಸತೊಡಗಿತು. ಅಕ್ಷರಗಳೆಲ್ಲ ಈಗ ಸರಿಯಾಗಿವೆಯಲ್ಲ, ಆ ಹೆಸರನ್ನೇ ಇಟ್ಟರೇನು ಎಂದು ಮನಸ್ಸು ಜಗ್ಗಿತು.

ಮೂರನೆಯ ಬೆಳಿಗ್ಗೆ ಅವರು ಎರಡೂ ಹೆಸರನ್ನು ಒಂದೇ ಹಾಳೆಯಲ್ಲಿ, ಮಾತ್ರೆ ಪೊಟ್ಟಣದ ಅಳತೆಯಲ್ಲಿ ಅಚ್ಚು ಹಾಕಿ ಕಿಟಕಿಗೆ ಅಂಟಿಸಿದರು. ಈ ಸಲ ನೆಟ್ಟಗೆ. ನಂದನ ಚೆಂದವಿತ್ತು. ಆದರೆ ಆ ಚೆಂದ ಇನ್ನೂ ಹತ್ತು ಫಾಂಟುಗಳಲ್ಲಿ ಸಿಗುವಂಥದ್ದು. ಇದಕ್ಕಾಗಿ ಪಟ್ಟ ಪಾಡಿನ ಒಂದು ಗೆರೆಯೂ ಅದರಲ್ಲಿರಲಿಲ್ಲ. ಪಕ್ಕದಲ್ಲಿ ಢುಂಭಳಿ ತನ್ನ ಎರಡೂ ಹೊಟ್ಟೆ ಸೀಳಿಕೊಂಡು, ಇಷ್ಟು ಸಣ್ಣದಾಗಿದ್ದರೂ ಒಂದು ಸೀಳನ್ನೂ ಬಿಟ್ಟುಕೊಡದೆ, ಠೀವಿಯಿಂದ ನಿಂತಿತ್ತು. ಈ ಫಾಂಟು ಏನು ಮಾಡಬಲ್ಲದು ಎಂದು ಕೇಳುವ ಮುದ್ರಕನಿಗೆ ಆ ಹೆಸರೇ ಉತ್ತರ. ಬೇರೆ ಯಾವ ಅಕ್ಷರದಲ್ಲಿ ಅಚ್ಚು ಹಾಕಿದರೂ ಆ ಸೀಳು ಮುಚ್ಚಿಹೋಗುತ್ತದೆ. ಗೆರೆಯಕ್ಕನಿಗೆ ತಮ್ಮ ಮೇಲೇ ನಗು ಬಂತು. ನಂದನ ತಮ್ಮ ಆಸೆಯ ಹೆಸರು, ಇದು ಆ ಅಕ್ಷರಗಳು ದುಡಿದು ಸಂಪಾದಿಸಿಕೊಂಡ ಹೆಸರು ಎನಿಸಿತು.

ಯಜಮಾನರು ಬರುವುದನ್ನೇ ಕಾದು, ಎದ್ದು ಹೋಗಿ ಹೇಳಿದರು. ಯಜಮಾನರು ತಲೆ ಕೆರೆದುಕೊಂಡರು.

“ಅಲ್ಲ ಅಕ್ಕ, ಯಾರಾದ್ರೂ ಅರ್ಥ ಕೇಳಿದ್ರೆ ಏನು ಹೇಳೋಣ?”

“ನಿಮ್ಮ ಹೆಸರಿಗೆ ಅರ್ಥ ಏನು ಅಂತ ಕೇಳಿಕೊಂಡು ಯಾರಾದ್ರೂ ನಿಮ್ಮನ್ನ ಕರೆದಿದ್ದಾರಾ? ಕರೀತಾರೆ, ನೀವು ತಿರುಗಿ ನೋಡ್ತೀರಿ. ಇದಕ್ಕೂ ಅಷ್ಟೇ ಸ್ವಾಮಿ. ಕರೆದ್ರೆ ಸಾಕು.”

ಮೂವತ್ತು ವರ್ಷದಲ್ಲಿ ಗೆರೆಯಕ್ಕ ಆ ಕೋಣೆಯಲ್ಲಿ ದನಿ ಎತ್ತಿ ಮಾತಾಡಿದ್ದು ಅದೇ ಮೊದಲು ಎಂದು ಫೋನಪ್ಪ ಹೇಳುತ್ತಾರೆ. ಯಜಮಾನರು ಸೋತು ನಕ್ಕರು. ಸಂಜೆ ಮನೆಯಲ್ಲಿ ಸುದ್ದಿ ಹೇಳಿದಾಗ ಅತ್ತೆ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ತಾನು ದಿನವೂ ಬಳಸುವ ಬೈಗುಳವನ್ನು ತನ್ನನ್ನೊಂದು ಮಾತು ಕೇಳದೆ ಊರಿಗೆಲ್ಲ ಹಂಚಿದರೆ, ಇನ್ನು ಮಗನನ್ನು ಏನೆಂದು ಬೈಯಲಿ ಎಂದು ರಾತ್ರಿ ಊಟದ ತನಕ ಮುನಿಸಿಕೊಂಡಿದ್ದರು. ಆಮೇಲೆ ಅವರೇ ಅಕ್ಕಪಕ್ಕದ ಮನೆಗಳಿಗೆ ಹೋಗಿ ಸಾರಿ ಬಂದರು.

ನಮೂನೆ ಪುಸ್ತಕ ಅಚ್ಚಾಗಿ ಹೋಗಿ ತಿಂಗಳುಗಳಾದವು. ಮೇಸ್ತ್ರಿಯ ಮುದ್ರಣಾಲಯ ತೆಗೆದುಕೊಂಡಿತು. ಅದು ಗುರುತಿನವರದ್ದು, ಲೆಕ್ಕಕ್ಕಿಲ್ಲ ಎನ್ನುತ್ತಾರೆ ಗೆರೆಯಕ್ಕ. ಗುರುತಿಲ್ಲದ ಬಾಯಲ್ಲಿ ಬರಬೇಕು, ಅದು ಅವರ ಆಸೆ. ಚಂದ್ರಿಕೆಯೂ ಮೊದಲ ವಾರ ಗುರುತಿನವರ ಮನೆಗೆ ಹೋಗಿ, ಆಮೇಲೆ ಸದ್ದಿಲ್ಲದೆ ಮಲಗಿತ್ತಲ್ಲ. ಆ ಭಯ ಅವರನ್ನು ಇನ್ನೂ ಬಿಟ್ಟಿಲ್ಲ. ಫೋನು ಗಣಗಣ ಎಂದಾಗಲೆಲ್ಲ ಅವರ ಕೈ ಮೌಸಿನ ಮೇಲೆ ನಿಲ್ಲುತ್ತದೆ. ಫೋನಪ್ಪ ಬೇರೆ ಏನನ್ನೋ ಮಾತಾಡತೊಡಗಿದರೆ ಮತ್ತೆ ಓಡುತ್ತದೆ.

ಇವತ್ತು ಕಿಟಕಿಗೆ ಅಂಟಿಸಿರುವುದು ಬೇರೊಂದು ಅಕ್ಷರದ ಹಾಳೆ, ಯಾರೋ ಬಿಸ್ಕತ್ತಿನವರಿಗೆ ಬೇಕಾದದ್ದು. ಅದನ್ನು ನೋಡಿ ಮುಗಿಸಿ ಅವರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಕೆಳಗೆ ಅಂಗಡಿಯ ಶಟರ್ ಏಳುವ ಸದ್ದು. ಫೋನಪ್ಪ ಇನ್ನೂ ಬಂದಿಲ್ಲ. ಅವರ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳುತ್ತದೆ. ಗೆರೆಯಕ್ಕ ಎರಡು ಸಲ ಸುಮ್ಮನಿದ್ದು, ಮೂರನೆಯ ಸಲ ಹೋಗಿ ಎತ್ತುತ್ತಾರೆ.

ಆಚೆ ಕಡೆಯವರು ನಮಸ್ಕಾರವನ್ನೂ ಹೇಳದೆ ಶುರುವಾಗುತ್ತಾರೆ. ದೂರದ ಯಾವುದೋ ಊರಿನ ಮುದ್ರಕರು, ಈ ಕಂಪನಿಯ ಜೊತೆ ಎಂದೂ ವ್ಯವಹಾರ ಮಾಡಿದವರಲ್ಲ. ಪರಿಚಯದ ಇನ್ನೊಬ್ಬ ಮುದ್ರಕರು ಹೇಳಿದರೆಂದು ಅವರ ಮೂಲಕವೇ ಒಂದು ಫಾಂಟು ತರಿಸಿಕೊಂಡಿದ್ದಾರೆ. ರಾತ್ರಿ ಅಚ್ಚು ಹಾಕಿದರೆ, ಸಾಲು ಹತ್ತಿರ ಬಂದ ಕಡೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತಿವೆ. ಕಟ್ಟುಗಟ್ಟಲೆ ಕಾಗದ ಹಾಳು. ಬರೆದವರಿಗೆ ಕಣ್ಣಿಲ್ಲವೇ, ಬುದ್ಧಿಯಿಲ್ಲವೇ, ಇಂಥದ್ದನ್ನು ಮಾರಲು ನಾಚಿಕೆಯಿಲ್ಲವೇ ಎಂದು ಒಂದೇ ಉಸಿರಿನಲ್ಲಿ ಜಾಡಿಸುತ್ತಾರೆ. ಎಲ್ಲ ಮುಗಿದ ಮೇಲೆ ಗೆರೆಯಕ್ಕ, ಸರಿಯಾಗಿ ಕೇಳಿಸಲಿಲ್ಲ ಎಂಬಂತೆ, ಮೆಲ್ಲಗೆ ಕೇಳುತ್ತಾರೆ.

“ಯಾವ ಅಕ್ಷರ ಅಂದ್ರಿ?”

“ಢುಂಭಳಿ ಕಣಮ್ಮ, ಢುಂಭಳಿ. ಎಷ್ಟು ಸಲ ಹೇಳಬೇಕು?”

ಸಂಜೆಯೊಳಗೆ ಸರಿಮಾಡಿ ಕಳಿಸುತ್ತೇನೆ ಎಂದು ಹೇಳಿ ಅವರು ಫೋನು ಇಡುತ್ತಾರೆ. ತಮ್ಮ ಜಾಗಕ್ಕೆ ಬಂದು ಒತ್ತಕ್ಷರಗಳನ್ನು ಒಂದೊಂದಾಗಿ ತೆರೆಯತೊಡಗುತ್ತಾರೆ. ಅಷ್ಟರಲ್ಲಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಫೋನಪ್ಪ, ಕಣ್ಣೊರೆಸಿಕೊಂಡು ನಗುತ್ತಿರುವ ಗೆರೆಯಕ್ಕನನ್ನು ಕಂಡು ಗಾಬರಿಯಾಗಿ ಏನಾಯಿತೆಂದು ಕೇಳುತ್ತಾರೆ. ಯಾರೋ ಫೋನು ಮಾಡಿ ಢುಂಭಳಿಯನ್ನು ಬಾಯಿಗೆ ಬಂದ ಹಾಗೆ ಬೈದರು ಎನ್ನುತ್ತಾರೆ ಗೆರೆಯಕ್ಕ. ಬೈದರೆ ನಗುವುದೇ ಎಂದು ಫೋನಪ್ಪ.

ಗೆರೆಯಕ್ಕ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: “ಹಿಂದಿನದನ್ನ ಯಾರೂ ಬೈದಿರಲೇ ಇಲ್ಲ.”